ಬಿಟ್ಟ ಸ್ಥಳ ತುಂಬಿರಿ

ಈ ವಾರ ನನ್ನ ತಲೆ ಕೆಡಿಸಿದ್ದು ಒಂದು ಜೆರಾಕ್ಸ್ ಹಾಳೆ. ತಂಗಿಯ ಮಗಳು ಎಂಟನೇ ಕ್ಲಾಸು. ರಜೆ ದಂಡವಾಗಬಾರದೆಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸಿದ್ದಾರೆ. ಅಲ್ಲಿ ಕೊಟ್ಟ ಪಾಠದ ವಿಷಯ, ಮ್ಯೂಸಿಯಂನಲ್ಲಿ ಕೂತು ಚಿತ್ರ ಬಿಡಿಸುವುದು. ಮೇಲೊಂದು ಸುದ್ದಿ, ಕೆಳಗೆ ಬಿಟ್ಟ ಸ್ಥಳಗಳು, ಅದರ ಕೆಳಗೆ ಹೊಂದಿಸಿ ಬರೆಯಿರಿ, ಹಿಂಬದಿಗೆ ಸರಿ-ತಪ್ಪು. ಹುಡುಗಿ ಒಂದೂ ತಪ್ಪಿಲ್ಲದೆ ತುಂಬಿದ್ದಳು. ಎಲ್ಲವೂ ಬಾಲ್ ಪೆನ್ನಿನಲ್ಲಿ.

“ಪೆನ್ಸಿಲ್ ಹಿಡಿಸಲೇ ಇಲ್ಲವೇನೇ?” ಎಂದೆ.

“ಇದು ಇಂಗ್ಲಿಷ್ ಕ್ಲಾಸು ದೊಡ್ಡಮ್ಮ, ಡ್ರಾಯಿಂಗ್ ಕ್ಲಾಸ್ ಅಲ್ಲ” ಎಂದಳು, ನನ್ನ ತಿಳಿವಳಿಕೆಯ ಬಗ್ಗೆ ಮರುಕಪಡುತ್ತ.

ಎಲೆ ಹಾಕಿ, ಬಡಿಸಬೇಕಾದ ಪದಾರ್ಥಗಳ ಹೆಸರು ಓದಿ ಹೇಳಿ, ಕೈ ತೊಳೆಯಲು ಕಳಿಸಿದ ಹಾಗಾಯಿತು. ಅದಕ್ಕೆ ಫೀಸು ಬೇರೆ.

ಸುದ್ದಿ ಹಳೆಯದು. 2015ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಬಾಗಿಲಲ್ಲಿ ಕ್ಯಾಮೆರಾದ ದೊಡ್ಡ ಚಿತ್ರ ಹಾಕಿ, ಅದರ ಮೇಲೆ ಕೆಂಪು ಗೀಟು ಎಳೆದದ್ದು, ಫೋಟೊ ಹೊಡೆಯುವ ಬದಲು ಬಿಡಿಸಿ ನೋಡಿ ಎಂದದ್ದು, ಶನಿವಾರಗಳಂದು ಪುಸ್ತಕ-ಪೆನ್ಸಿಲ್ ಪುಕ್ಕಟೆ ಕೊಟ್ಟದ್ದು ಹಲವರಿಗೆ ನೆನಪಿರಬಹುದು. ಫೋಟೊ ನಿಷೇಧವೇನೂ ಆಗಿರಲಿಲ್ಲ, ಬರೀ ಒತ್ತಾಯ. ರೆಂಬ್ರಾಂಟನ 1642ರ ‘ನೈಟ್ ವಾಚ್’ ಎದುರು ಜನ ಮೊಬೈಲು ಎತ್ತಿ, ಕ್ಲಿಕ್ಕಿಸಿ, ಬೆನ್ನು ತಿರುಗಿಸಿ ಹೋಗುವುದನ್ನು ನೋಡಿ ನೋಡಿ ಅವರಿಗೂ ರೋಸಿರಬೇಕು. ಜಗತ್ತಿನಾದ್ಯಂತ ಇಂಗ್ಲಿಷ್ ಮೇಷ್ಟರುಗಳಿಗೆ ಇಂಥ ಸುದ್ದಿ ಎಂದರೆ ಹಬ್ಬ. ಪಾಠವಾಯಿತು, ಪ್ರಶ್ನೆಯಾಯಿತು, ಜೆರಾಕ್ಸ್ ಆಗಿ ನಮ್ಮ ಬಡಾವಣೆಗೂ ಬಂತು. ದಾರಿಯಲ್ಲಿ ಪೆನ್ಸಿಲ್ ಮಾತ್ರ ಬಿದ್ದುಹೋಯಿತು.

ಚಿತ್ರದ ಮೂಲಕ ಭಾಷೆ ಕಲಿಸುವುದು ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ. ಮೊರೇವಿಯಾದ ಪಾದ್ರಿ ಕೊಮೇನಿಯಸ್ 1658ರಲ್ಲಿ ನ್ಯೂರೆಂಬರ್ಗಿನಲ್ಲಿ ‘ಆರ್ಬಿಸ್ ಪಿಕ್ಟಸ್’ ಎಂಬ ಪುಸ್ತಕ ಅಚ್ಚು ಹಾಕಿಸಿದ. ಮಕ್ಕಳಿಗೆ ಲ್ಯಾಟಿನ್ ಕಲಿಸಲು ಮಾಡಿದ ಪುಸ್ತಕ. ಚಿತ್ರದೊಳಗಿನ ಒಂದೊಂದು ವಸ್ತುವಿಗೂ ಅಂಕಿ, ಅದೇ ಅಂಕಿಯ ಎದುರು ಲ್ಯಾಟಿನ್ ಮತ್ತು ಜರ್ಮನ್ ಹೆಸರು. ಮುನ್ನುಡಿಯಲ್ಲಿ ಆತ ಇನ್ನೂ ಒಂದು ಮಾತು ಹೇಳುತ್ತಾನೆ: ಮಕ್ಕಳು ಈ ಚಿತ್ರಗಳನ್ನು ತಮ್ಮ ಕೈಯಿಂದ ನಕಲು ಮಾಡುವುದಾದರೆ ಬಿಡಬೇಕು, ಮನಸ್ಸಿಲ್ಲದಿದ್ದರೆ ಹುರಿದುಂಬಿಸಬೇಕು. ಹಾಗೆ ಮಾಡಿದರೆ ಗಮನವಿಟ್ಟು ನೋಡುವುದು ತಾನಾಗಿ ರೂಢಿಯಾಗುತ್ತದೆ. ಹದಿನೇಳನೇ ಶತಮಾನದ ಪಾದ್ರಿಗೆ ತಿಳಿದದ್ದು ನಮ್ಮ ‘ಫ್ಲುಯೆನ್ಸಿ ಗ್ಯಾರಂಟಿ’ ಬೋರ್ಡಿನವರಿಗೆ ತಿಳಿದಿಲ್ಲ.

ಪಾದ್ರಿಯ ಮಾತು ಬೇಡ, ಪ್ರಯೋಗ ಬೇಕು ಎನ್ನುವವರಿಗೆ ಅದೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ತಮ್ಮ ವಿದ್ಯಾರ್ಥಿಗಳನ್ನು ಮ್ಯೂಸಿಯಂ ಸುತ್ತಿಸಿ, ಕೆಲವು ವಸ್ತುಗಳ ಫೋಟೊ ತೆಗೆಯಿರಿ, ಕೆಲವನ್ನು ಸುಮ್ಮನೆ ನೋಡಿ ಎಂದರು. ಮಾರನೆಯ ದಿನ ಕೇಳಿದರೆ ಫೋಟೊ ತೆಗೆದವೇ ಹೆಚ್ಚು ಮರೆತುಹೋಗಿದ್ದವು. 2014ರಲ್ಲಿ ಪ್ರಕಟವಾದ ಅಧ್ಯಯನ ಅದು. ಎರಡು ವರ್ಷದ ನಂತರ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರು ಇನ್ನೂ ಸರಳವಾಗಿ ಪರೀಕ್ಷಿಸಿದರು. ಒಂದು ಪದ ಕೊಟ್ಟು, ಅದನ್ನು ಮತ್ತೆ ಮತ್ತೆ ಬರೆಯಿರಿ ಎಂದರು. ಇನ್ನೊಂದು ಪದ ಕೊಟ್ಟು ಅದರ ಚಿತ್ರ ಬಿಡಿಸಿ ಎಂದರು. ಬಿಡಿಸಿದ ಪದಗಳೇ ಹೆಚ್ಚು ನೆನಪಿನಲ್ಲಿ ಉಳಿದವು. ಚಿತ್ರ ಚೆನ್ನಾಗಿ ಬಂದಿತ್ತೋ ಸೊಟ್ಟಗಿತ್ತೋ, ವ್ಯತ್ಯಾಸವಾಗಲಿಲ್ಲ. ಅದು ಪರಭಾಷೆ ಕಲಿಸುವ ಪ್ರಯೋಗವಲ್ಲ, ಒಪ್ಪುತ್ತೇನೆ. ಆದರೆ ಇಂಪೊಸಿಷನ್ ಬರೆಸಿಯೇ ಭಾಷೆ ಕಲಿಸುತ್ತ ಬಂದ ನಾಡಿಗೆ ಅಷ್ಟು ಸುಳಿವು ಸಾಕಿತ್ತು.

ಹೊರದೇಶದವರೆಲ್ಲ ಜಾಣರು ಎಂದು ಹೇಳಲು ಹೊರಟಿಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 1852ರಲ್ಲಿ ಶುರುವಾದದ್ದೇ ವಿನ್ಯಾಸ ಕಲಿಯುವವರು ಬಂದು ನೋಡಿ ಕಲಿಯಲಿ ಎಂದು. ಅಂಥ ಮ್ಯೂಸಿಯಂ 2016ರಲ್ಲಿ ಒಳಉಡುಪುಗಳ ಚರಿತ್ರೆಯ ಪ್ರದರ್ಶನವೊಂದನ್ನು ಇಟ್ಟು, ಒಳಗೆ ‘ಸ್ಕೆಚ್ ಮಾಡಬಾರದು’ ಎಂದು ಬೋರ್ಡು ತಗುಲಿಸಿ ಪತ್ರಿಕೆಗಳಿಂದ ಉಗಿಸಿಕೊಂಡಿತು. ಆದರೆ ಅಲ್ಲಿನ ಕಾಯಂ ಗ್ಯಾಲರಿಗಳಲ್ಲಿ ಪೆನ್ಸಿಲ್ ಹಿಡಿದವರನ್ನು ಯಾರೂ ಎಬ್ಬಿಸುವುದಿಲ್ಲ. ನಮ್ಮ ಟಿಪ್ಪುವಿನ ಹುಲಿ, ಸೋಲ್ಜರನ ಮೇಲೆ ಎರಗಿದ ಮರದ ಬೊಂಬೆ, ಇರುವುದೂ ಅಲ್ಲೇ. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತೊಯ್ದದ್ದು. ಮೊದಲು ಈಸ್ಟ್ ಇಂಡಿಯಾ ಹೌಸಿನಲ್ಲಿಟ್ಟಿದ್ದಾಗ ನೋಡಲು ಬಂದವರೆಲ್ಲ ಹಿಡಿ ತಿರುಗಿಸಿ ಹುಲಿಯನ್ನು ಗರ್ಜಿಸುವಂತೆ ಮಾಡಿ, ಅಲ್ಲೇ ಓದುತ್ತ ಕೂತ ಪಂಡಿತರಿಗೆ ಕಾಟ ಕೊಡುತ್ತಿದ್ದರಂತೆ. ಈಗ ಅದು ಗಾಜಿನೊಳಗೆ ತೆಪ್ಪಗಿದೆ. ಅಲ್ಲಿನ ಮಕ್ಕಳು ಎದುರು ಕೂತು ಹುಲಿಯ ಪಟ್ಟೆ, ಪಂಜ, ಅಂಗಾತ ಬಿದ್ದ ಸೋಲ್ಜರನ ಹ್ಯಾಟು, ಎಲ್ಲವನ್ನೂ ಬಿಡಿಸಬಹುದು. ಹುಲಿಯನ್ನು ಕೊಟ್ಟ ಊರಿನ ಮಕ್ಕಳು ಅದನ್ನು ಮೊಬೈಲಿನಲ್ಲಿ ಹಿಗ್ಗಿಸಿ ಕುಗ್ಗಿಸಿ ನೋಡಬೇಕು.

ಈಗ ನನ್ನ ಹಳೇ ಹಾಡು. ಓದುಗರು ನಿಟ್ಟುಸಿರು ಬಿಟ್ಟರೂ ಬಿಡಲಿ, ಡ್ರಾಯಿಂಗ್ ಮೇಷ್ಟ್ರ ವಿಷಯ ಎತ್ತದೆ ನಾನು ಮುಂದೆ ಹೋಗುವವಳಲ್ಲ.

ನಮ್ಮೂರ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಿಗೆ ಇಂಗ್ಲಿಷ್ ಪೇಪರು ಓದಲು ಬರುತ್ತಿರಲಿಲ್ಲ. ಸ್ಟಾಫ್‌ರೂಮಿನಲ್ಲಿ ಅವರ ಕುರ್ಚಿ ಬಾಗಿಲ ಪಕ್ಕ, ಪಿ.ಟಿ. ಮೇಷ್ಟ್ರ ಜೊತೆ. ಆದರೆ ನಾವು ಹೆದರದೆ ಆಡಿದ ಮೊದಲ ಇಂಗ್ಲಿಷ್ ಅವರ ಕ್ಲಾಸಿನಲ್ಲೇ. ಮೇಜಿನ ಮೇಲೆ ಹಿತ್ತಾಳೆ ಚೊಂಬು ಇಟ್ಟು, “ಕಣ್ಣು ಅರ್ಧ ಮುಚ್ಚಿ ನೋಡ್ರೇ, ಲೈಟು ಎಲ್ಲಿಂದ ಬರ್ತಿದೆ? ಶೇಡ್ ಯಾವ ಕಡೆ?” ಎನ್ನುವರು. ಕೈ ನೀಡಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು, ಹೆಬ್ಬೆರಳು ಜಾರಿಸಿ ಅಳೆಯುವುದನ್ನು ಕಲಿಸುವರು. ಔಟ್‌ಲೈನ್, ಪ್ರೊಪೋರ್ಷನ್, ಐ ಲೆವೆಲ್, ಬ್ಯಾಕ್‌ಗ್ರೌಂಡ್, ಕರ್ವ್, ಸ್ಟ್ರೇಟ್. ಇವುಗಳ ಸ್ಪೆಲ್ಲಿಂಗನ್ನು ಯಾರೂ ಕೇಳಲಿಲ್ಲ, ಅರ್ಥವನ್ನು ಯಾರೂ ಬರೆಸಲಿಲ್ಲ. “ಅವಳ ಚೊಂಬಿನ ನೆಕ್ ನ್ಯಾರೋ ಆಗಿದೆ ಸಾರ್” ಎಂದು ಚಾಡಿ ಹೇಳುವಾಗ ಇಂಗ್ಲಿಷ್ ಆಡುತ್ತಿದ್ದೇವೆಂಬ ಎಚ್ಚರವೇ ನಮಗಿರಲಿಲ್ಲ. ಅತ್ತ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಅದೇ ನಾವು ಗೊತ್ತಿದ್ದ ಉತ್ತರವನ್ನೂ ನುಂಗಿಕೊಂಡು ಬೆಂಚಿನ ಮೇಲೆ ನಿಲ್ಲುತ್ತಿದ್ದೆವು.

ಆ ಮೇಷ್ಟ್ರ ಸಂತತಿಯನ್ನು ನಾವು ಏನು ಮಾಡಿದೆವು? ನಿವೃತ್ತರಾದವರ ಜಾಗ ಎಷ್ಟೋ ಶಾಲೆಗಳಲ್ಲಿ ಹಾಗೇ ಖಾಲಿ. ಮೇಷ್ಟ್ರು ಇದ್ದ ಕಡೆ ಪೀರಿಯಡ್ಡು ಇಲ್ಲ. ಹತ್ತನೇ ಕ್ಲಾಸಿನ ಡ್ರಾಯಿಂಗ್ ಪೀರಿಯಡ್ಡು ಗಣಿತದ ಸ್ಪೆಷಲ್ ಕ್ಲಾಸಿಗೆ ದಾನ. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಕಟ್ಟಿಸುತ್ತೇವೆಂದರೆ ಅಪ್ಪ-ಅಮ್ಮ “ಅದರಿಂದ ಏನು ಉಪಯೋಗ?” ಎಂದು ಕೇಳುತ್ತಾರೆ. ಅದೇ ಅಪ್ಪ-ಅಮ್ಮ ಮ್ಯೂಸಿಯಂ ಸ್ಕೆಚಿಂಗ್ ಎಂಬ ಜೆರಾಕ್ಸ್ ಹಾಳೆಗೆ ತಿಂಗಳ ಫೀಸು ಕಟ್ಟುತ್ತಾರೆ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಬಂತು, 2019ರಿಂದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ಕ್ಲಾಸುಗಳೂ ಬಂದವು. ಮಾಧ್ಯಮದ ಜಗಳ ಬೇರೆ, ಅದಕ್ಕೆ ಈ ಪುಟದಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನ ತಕರಾರು, ಏನು ನೋಡಿ ಮಾತಾಡಬೇಕು ಎಂಬುದನ್ನು ಮಗುವಿನ ಎದುರು ಇಡದೆ ಮಾತಾಡು ಮಾತಾಡು ಎಂದು ಪೀಡಿಸುವುದರ ಬಗ್ಗೆ.

ನೋಡಲು ನಮ್ಮಲ್ಲಿ ಇಲ್ಲದ್ದೇನು? ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಸೇರಿದ ಆತಕೂರಿನ ಕಲ್ಲನ್ನೇ ತಗೊಳ್ಳಿ. ಹತ್ತನೇ ಶತಮಾನದ ನಡುವಿನದು. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಗೆದ್ದ ಮೇಲೆ, ಏನು ಬೇಕು ಕೇಳು ಎಂದಾಗ ಮಣಲೇರನೆಂಬ ವೀರ ಕೇಳಿದ್ದು ತನ್ನ ದೊರೆಯ ಬೇಟೆನಾಯಿ ಕಾಳಿಯನ್ನು. ಆ ನಾಯಿ ಮುಂದೆ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ನಾಯಿ-ಹಂದಿ ಸೆಣಸುವುದನ್ನು ಕಲ್ಲಿನಲ್ಲೇ ಕೆತ್ತಿದ್ದಾರೆ. ಇಬ್ಬರು ಮಕ್ಕಳನ್ನು ಇದರ ಮುಂದೆ ಕೂರಿಸಿ ಪೆನ್ಸಿಲ್ ಕೊಡಿ. ಹಂದಿ ದಪ್ಪವೋ ನಾಯಿ ಉದ್ದವೋ, ಕೋರೆಹಲ್ಲು ಎತ್ತ ಕಡೆ, ಕಾಲು ಯಾವುದರ ಹಿಂದೆ ಎಂದು ಜಗಳ ಹತ್ತುತ್ತದೆ. ಆ ಜಗಳವನ್ನು ಇಂಗ್ಲಿಷಿನಲ್ಲಿ ಆಡಿ ಎಂದರೆ ಸಾಕು. ಟಸ್ಕ್, ಬಿಹೈಂಡ್, ಬಿಗ್ಗರ್ ದ್ಯಾನ್, ಎಲ್ಲವನ್ನೂ ಅವರೇ ಬೇಕು ಬೇಕೆಂದು ಕೇಳಿ ಪಡೆಯುತ್ತಾರೆ. ಈ ಕಥೆಯನ್ನು ಹೇಳಬಲ್ಲ ಮಗು ಯಾವ ಇಂಟರ್‌ವ್ಯೂನಲ್ಲಿ ಬಾಯಿ ಬಿಡದೆ ಕೂರುತ್ತದೆ?

ಹಾಗಂತ ಉತ್ಸಾಹದಿಂದ ಹೊರಟುಬಿಡಬೇಡಿ. ಬೇರೊಂದು ಊರಿನ ಮ್ಯೂಸಿಯಂನಲ್ಲಿ, ಹೆಸರು ಬೇಡ, ಇದೇ ಹುಡುಗಿ ಒಂದು ವಿಗ್ರಹದ ಮುಂದೆ ಪುಸ್ತಕ ತೆರೆದಳು. ಗಾರ್ಡು ಓಡಿ ಬಂದ. “ಇಲ್ಲಿ ಬರೆಯಂಗಿಲ್ಲ ಪಾಪು.”

“ಕಲ್ಲಿನ ಮೇಲಲ್ಲಪ್ಪ, ಪುಸ್ತಕದಲ್ಲಿ” ಎಂದೆ.

“ಎಲ್ಲಾದ್ರೂ ಅಷ್ಟೇ ಮೇಡಂ. ಫೋಟೊ ಬೇಕಾದ್ರೆ ಹೊಡ್ಕಳಿ.”

ಅವನ ಬೆನ್ನ ಹಿಂದೆಯೇ ಒಬ್ಬ ಮಹಾನುಭಾವ ನಂದಿಯ ಹೆಗಲ ಮೇಲೆ ಮೊಣಕೈ ಊರಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದ. ಆಫೀಸಿಗೆ ಹೋಗಿ ವಿಚಾರಿಸಿದೆ. ಅರ್ಜಿ ಕೊಡಬೇಕಂತೆ, ಶಾಲೆಯ ಲೆಟರ್‌ಹೆಡ್ಡಿನಲ್ಲಿ. ಮಗು ಚಿತ್ರ ಬಿಡಿಸುವ ಉದ್ದೇಶವೇನೆಂದು ಅದರಲ್ಲಿ ಸ್ಪಷ್ಟವಾಗಿ ತಿಳಿಸಬೇಕಂತೆ.

ಮಕ್ಕಳನ್ನು ಕರೆದೊಯ್ಯುವವರಿಗೆ ನನ್ನದೊಂದು ಸಲಹೆ. ಉದ್ದೇಶದ ಜಾಗದಲ್ಲಿ ‘ಚಿತ್ರಕಲೆ’ ಎಂದು ಮಾತ್ರ ಬರೆಯಬೇಡಿ, ಫೈಲು ಅಲ್ಲೇ ಕೂರುತ್ತದೆ. ‘ಸ್ಪೋಕನ್ ಇಂಗ್ಲಿಷ್’ ಎಂದು ಬರೆಯಿರಿ. ಗಾರ್ಡೇ ಕುರ್ಚಿ ತಂದು ಹಾಕಿ, ತನ್ನ ಮಗನನ್ನೂ ಸೇರಿಸಿಕೊಳ್ಳುತ್ತೀರಾ ಎಂದು ಕೇಳುತ್ತಾನೆ.