ಬ್ಯಾಕಪ್ ಇದೆ ಸರಿ, ರಿಸ್ಟೋರ್ ಆಗುತ್ತಾ?

ಸರ್ವರ್ ಬ್ಯಾಕಪ್ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಾಗಲೆಲ್ಲ ಜೊತೆಗೆ ರಿಲೀಸ್ ನೋಟ್ಸ್ ಅಂತ ಒಂದು ಕಡತ ಬರುತ್ತದೆ. ಮೊದಲ ಪುಟಗಳಲ್ಲಿ ಹೊಸ ಸೌಲಭ್ಯಗಳ ಜಾತ್ರೆ. ಕೊನೆಗೆಲ್ಲೋ ಒಂದು ಮೂಲೆಯಲ್ಲಿ ‘ನೋನ್ ಲಿಮಿಟೇಶನ್ಸ್’ ಅಂತ ಒಂದು ಪಟ್ಟಿ. ಇಂಥ ಡಿಸ್ಕ್ ಇದ್ದರೆ ಆಗುವುದಿಲ್ಲ, ಇಂಥ ಹಳೆಯ ಬ್ಯಾಕಪ್ ಇದರಲ್ಲಿ ತೆರೆಯುವುದಿಲ್ಲ ಅಂತ ತಯಾರಿಸಿದವರೇ ಒಪ್ಪಿಕೊಂಡು ಬರೆದ ಪಟ್ಟಿ. ಇಡೀ ಕಡತದಲ್ಲಿ ಅತಿ ಪ್ರಾಮಾಣಿಕ ಪುಟ ಇದೇ ಅಂತ ನನ್ನ ಅಭಿಪ್ರಾಯ. ನಮ್ಮ ಆಫೀಸುಗಳಲ್ಲಿ ಯಾರೂ ಓದದ ಪುಟವೂ ಇದೇ!

ಮತ್ತೆ ನಾವು ಓದುವುದು ಏನನ್ನ? ಬೆಳಿಗ್ಗೆ ಬರುವ ಈಮೇಲ್ ಅನ್ನ. ‘ಬ್ಯಾಕಪ್ ಸಕ್ಸಸ್‌ಫುಲ್’ ಅಂತ ಹಸಿರು ಟಿಕ್ ಇದ್ದರೆ ಸಾಕು, ಮ್ಯಾನೇಜರ್ ಖುಷಿ, ಆಡಿಟರ್ ಖುಷಿ, ಚಹಾ ಕುಡಿಯಲು ಹೋಗಬಹುದು. ಆದರೆ ಆ ಟಿಕ್ ಹೇಳುವುದು ಒಂದೇ ಮಾತು: ‘ನನಗೆ ಒಪ್ಪಿಸಿದ ಕೆಲಸ ನಾನು ಮುಗಿಸಿದೆ’. ಆ ನಕಲಿನಿಂದ ಸರ್ವರ್ ಮತ್ತೆ ಎದ್ದು ನಿಲ್ಲುತ್ತದೆ ಅಂತ ಅದು ಎಲ್ಲೂ ಹೇಳಿಲ್ಲ. ಹಾಗೆ ಅಂದುಕೊಂಡವರು ನಾವು.

ಸುಮ್ಮನೆ ಹೆದರಿಸುತ್ತಿದ್ದೇನೆ ಅಂತೀರಾ? ಉದಾಹರಣೆ ನೋಡಿ. ವಿಂಡೋಸ್ ಸರ್ವರ್ ಜೊತೆ ಪುಕ್ಕಟೆ ಬರುವ ವಿಂಡೋಸ್ ಸರ್ವರ್ ಬ್ಯಾಕಪ್ಪಿನಲ್ಲಿ ನೆಟ್‌ವರ್ಕಿನ ಶೇರ್ಡ್ ಫೋಲ್ಡರಿಗೆ ಬ್ಯಾಕಪ್ ತೆಗೆದುಕೊಳ್ಳಬಹುದು. ಆದರೆ ಅದೇ ಫೋಲ್ಡರಿಗೆ ಮತ್ತೆ ತೆಗೆದರೆ ಹಳೆಯದರ ಮೇಲೇ ಹೊಸದನ್ನು ಬರೆಯುತ್ತದೆ. ನಡುವೆ ಕೆಲಸ ಕೆಟ್ಟರೆ ಹಳೆಯದೂ ಹೋಯಿತು, ಹೊಸದೂ ಇಲ್ಲ. ಇದನ್ನು ನಾನು ಕಂಡುಹಿಡಿದದ್ದಲ್ಲ, ಮೈಕ್ರೋಸಾಫ್ಟೇ ತನ್ನ ಕೈಪಿಡಿಯಲ್ಲಿ ಬರೆದಿಟ್ಟಿದೆ. ಇನ್ನು ಮೈಎಸ್‌ಕ್ಯೂಎಲ್ ಡಂಪ್. ಬೇರೆ ಏನೂ ಹೇಳದೆ ಓಡಿಸಿದರೆ ಟೇಬಲ್ಲುಗಳು ಬರುತ್ತವೆ, ಸ್ಟೋರ್ಡ್ ಪ್ರೊಸೀಜರ್‌ಗಳು ಬರುವುದಿಲ್ಲ. ಪೋಸ್ಟ್‌ಗ್ರೆಸ್‌ನ ಪಿಜಿ ಡಂಪ್ ಒಂದು ಡೇಟಾಬೇಸನ್ನು ಚೆನ್ನಾಗಿ ತೆಗೆದುಕೊಡುತ್ತದೆ, ಆದರೆ ಯೂಸರ್‌ಗಳೂ ಅವರ ಪಾಸ್‌ವರ್ಡ್‌ಗಳೂ ಅದರಲ್ಲಿರುವುದಿಲ್ಲ. ಮೂರರಲ್ಲೂ ಬೆಳಿಗ್ಗೆ ಬರುವುದು ಹಸಿರು ಟಿಕ್ಕೇ. ಕೊರತೆ ಗೊತ್ತಾಗುವುದು ರಿಸ್ಟೋರ್ ಮಾಡುವ ದಿನ. ಆ ದಿನ ಸರ್ವರ್ ಆಗಲೇ ಸತ್ತಿರುತ್ತದೆ.

ಇವು ಬರೆದಿಟ್ಟ ಮಿತಿಗಳು. ಬರೆಯದೆ ಉಳಿದವು ಇನ್ನೂ ಭಯಂಕರ. ಪ್ರತಿ ರಾತ್ರಿ ಇಡೀ ಡಿಸ್ಕ್ ನಕಲು ಮಾಡುವುದು ಕಷ್ಟ ಅಂತ, ನಿನ್ನೆಯಿಂದ ಬದಲಾದ ಭಾಗವನ್ನಷ್ಟೇ ತೆಗೆದುಕೊಳ್ಳುವುದು ರೂಢಿ. ಯಾವ ಭಾಗ ಬದಲಾಯಿತು ಅಂತ ಬ್ಯಾಕಪ್ ಸಾಫ್ಟ್‌ವೇರಿಗೆ ಹೇಳುವುದು ವಿಎಂವೇರ್. ಆ ಲೆಕ್ಕದಲ್ಲೇ ತಪ್ಪಿದೆ ಅಂತ 2014ರಲ್ಲಿ ಬಯಲಾಯಿತು. ವರ್ಚುವಲ್ ಡಿಸ್ಕನ್ನು 128 ಜಿಬಿ ದಾಟಿಸಿ ದೊಡ್ಡದು ಮಾಡಿದ್ದರೆ ಬದಲಾದ ಭಾಗಗಳ ಪಟ್ಟಿ ತಪ್ಪು ಬರುತ್ತಿತ್ತು. ಬ್ಯಾಕಪ್ ಸಾಫ್ಟ್‌ವೇರ್ ಪಾಪ, ಕೊಟ್ಟ ಪಟ್ಟಿಯನ್ನು ನಂಬಿ ನಕಲು ಮಾಡಿ ಟಿಕ್ ಹಾಕುತ್ತಿತ್ತು. ಇಂಥದ್ದನ್ನು ಈಮೇಲ್ ನೋಡಿ ಹಿಡಿಯಲು ಬ್ರಹ್ಮನಿಂದಲೂ ಆಗದು. ರಿಸ್ಟೋರ್ ಮಾಡಿ ನೋಡಿದವನಿಗೆ ಮಾತ್ರ ಸಿಕ್ಕುತ್ತದೆ.

ಹಾಗಾದರೆ ಅಪ್‌ಡೇಟ್ ಹಾಕಿಬಿಟ್ಟರೆ ಸರಿಹೋಗುತ್ತದಲ್ಲ ಅಂತ ಕೆಲವರ ವಾದ. ಇನ್ನು ಕೆಲವರದ್ದು ಉಲ್ಟಾ: ‘ಓಡ್ತಾ ಇರೋದನ್ನ ಮುಟ್ಟಬೇಡಿ ಸಾರ್’. ಇಬ್ಬರಿಗೂ ಒಂದೊಂದು ಕತೆ ಇದೆ.

ಮುಟ್ಟಬೇಡಿ ಅನ್ನುವವರಿಗೆ 2024ರದ್ದು. ವೀಮ್ ಕಂಪನಿಯ ಬ್ಯಾಕಪ್ ಸಾಫ್ಟ್‌ವೇರಿನಲ್ಲಿ ಒಂದು ದೊಡ್ಡ ತೂತು ಸಿಕ್ಕಿತು. ಲಾಗಿನ್ ಕೂಡ ಇಲ್ಲದೆ ದೂರದಿಂದಲೇ ಒಳಗೆ ನುಗ್ಗಬಹುದಾದ ತೂತು, ತೀವ್ರತೆ ಹತ್ತಕ್ಕೆ 9.8. ಆ ಸೆಪ್ಟೆಂಬರಿನಲ್ಲಿ ಕಂಪನಿ 12.2 ಆವೃತ್ತಿಯಲ್ಲಿ ಸರಿಪಡಿಸಿರುವುದಾಗಿ ಹೇಳಿ, ಎಲ್ಲರೂ ಹಾಕಿಕೊಳ್ಳಿ ಅಂತ ಎಚ್ಚರಿಸಿತು. ಅಕ್ಟೋಬರ್ ಹೊತ್ತಿಗೆ ಅಕಿರಾ, ಫಾಗ್ ಎಂಬ ರಾನ್ಸಮ್‌ವೇರ್ ಹಾವಳಿಗಳಲ್ಲಿ ಇದೇ ತೂತು ಬಳಕೆಯಾದ ಸುದ್ದಿ ಬಂತು. ಕಳ್ಳ ಮೊದಲು ಹುಡುಕುವುದೇ ಬ್ಯಾಕಪ್ ಸರ್ವರನ್ನ. ಅದು ಕೈಗೆ ಸಿಕ್ಕರೆ ಉಳಿದ ಮನೆ ತಾನಾಗಿ ಸಿಕ್ಕಂತೆ.

ಕಣ್ಣುಮುಚ್ಚಿ ಹಾಕಿ ಅನ್ನುವವರಿಗೆ ಜಪಾನಿನ ಕತೆ. 2021ರ ಡಿಸೆಂಬರಿನಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನಿಂದ ಸುಮಾರು 77 ಟಿಬಿ, ಅಂದರೆ 3 ಕೋಟಿ 40 ಲಕ್ಷ ಫೈಲುಗಳು ಅಳಿಸಿಹೋದವು. ಅಳಿಸಿದ್ದು ವೈರಸ್ ಅಲ್ಲ ಸ್ವಾಮಿ, ಬ್ಯಾಕಪ್ ಸ್ಕ್ರಿಪ್ಟು! ಹಳೆಯ ಲಾಗ್ ಫೈಲುಗಳನ್ನು ತೆಗೆಯಬೇಕಿದ್ದ ಆ ಸ್ಕ್ರಿಪ್ಟನ್ನು ಹ್ಯೂಲೆಟ್ ಪ್ಯಾಕರ್ಡ್‌ನ ಜಪಾನ್ ಶಾಖೆಯವರು ತಿದ್ದಿ, ಹಳೆಯದು ಇನ್ನೂ ಓಡುತ್ತಿರುವಾಗಲೇ ಅದರ ಮೇಲೆ ಹೊಸದನ್ನು ಇಟ್ಟರು. ಅರ್ಧ ಹಳೆಯದು, ಅರ್ಧ ಹೊಸದು ಓಡಿತು. ಲಾಗ್ ಫೋಲ್ಡರಿನ ಹೆಸರು ಇರಬೇಕಾದ ಜಾಗ ಖಾಲಿಯಾಗಿ, ಸಂಶೋಧಕರ ಫೈಲುಗಳ ಮೇಲೆ ಪೊರಕೆ ಆಡಿತು. ತೊಂದರೆಗೊಳಗಾದ 14 ಗುಂಪುಗಳಲ್ಲಿ 4 ಗುಂಪುಗಳ ಮಾಹಿತಿ ಬ್ಯಾಕಪ್ಪಿನಿಂದಲೂ ಸಿಗಲಿಲ್ಲ. ತಪ್ಪು ತಮ್ಮದೇ ಅಂತ ಕಂಪನಿ ಒಪ್ಪಿಕೊಂಡಿತು, ಅದು ಅವರ ದೊಡ್ಡತನ. ಫೈಲುಗಳು ಮಾತ್ರ ಬರಲಿಲ್ಲ.

ಅಂದರೆ ಅಪ್‌ಡೇಟ್ ಹಾಕಬೇಕು, ಹಾಕುವ ಮೊದಲು ಓದಬೇಕು, ಹಾಕಿದ ಮೇಲೆ ರಿಸ್ಟೋರ್ ಮಾಡಿ ನೋಡಬೇಕು. ಈ ಮೂರರಲ್ಲಿ ಮೂರನೆಯದನ್ನು ಮಾಡುವವರು ಎಷ್ಟು ಜನ?

ಗಿಟ್‌ಲ್ಯಾಬ್ ನೆನಪಿದೆಯಾ? 2017ರ ಜನವರಿ 31ರಂದು ಅಲ್ಲಿನ ಒಬ್ಬ ಇಂಜಿನಿಯರ್ ರಾತ್ರಿ ಹೊತ್ತು ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಅಳಿಸಿದ. ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿಯಿತು. ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಇತ್ತು, ಒಂದೂ ನೆಟ್ಟಗೆ ಕೆಲಸಕ್ಕೆ ಬರಲಿಲ್ಲ. ಡೇಟಾಬೇಸ್ ಇದ್ದದ್ದು 9.6 ಆವೃತ್ತಿ, ಡಂಪ್ ತೆಗೆಯುತ್ತಿದ್ದದ್ದು 9.2, ಹಾಗಾಗಿ ಡಂಪ್ ದಿನಾ ಸೋಲುತ್ತಿತ್ತು. ಸೋತೆ ಅಂತ ಅದು ಕಳಿಸುತ್ತಿದ್ದ ಈಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು! ಕೊನೆಗೆ ಕೈಹಿಡಿದದ್ದು ಬೇರೆ ಕೆಲಸಕ್ಕೆ ಅಂತ ಆರು ಗಂಟೆ ಮೊದಲು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ತಿಂಗಳಿಗೊಮ್ಮೆ ರಿಸ್ಟೋರ್ ಮಾಡಿ ನೋಡಿದ್ದರೆ ಇದೆಲ್ಲ ಎಂದೋ ಸಿಕ್ಕುತ್ತಿತ್ತು. ಅವರದ್ದನ್ನು ಮೆಚ್ಚಲೇಬೇಕು, ನಡೆದದ್ದನ್ನೆಲ್ಲ ಬಚ್ಚಿಡದೆ ಜಗತ್ತಿನ ಮುಂದೆ ಬರೆದುಕೊಂಡರು. ನಮ್ಮಲ್ಲಾದರೆ ‘ಟೆಕ್ನಿಕಲ್ ಪ್ರಾಬ್ಲಂ’ ಅಂತ ಒಂದು ಚೀಟಿ ಅಂಟಿಸಿ ಮುಗಿಸುತ್ತಿದ್ದರು.

ನಮ್ಮ ದೇಶದ್ದೂ ಇದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ದಾಳಿಯಾಗಿ, ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟಿಬಿ ಮಾಹಿತಿಗೆ ಬೀಗ ಬಿತ್ತು. ಪುಣ್ಯಕ್ಕೆ ಒಂದು ಬ್ಯಾಕಪ್ ಸರ್ವರ್ ದಾಳಿಗೆ ಸಿಗದೆ ಉಳಿದಿತ್ತು, ಅದರಿಂದ ಇ-ಹಾಸ್ಪಿಟಲ್ ಮಾಹಿತಿ ವಾಪಸ್ ಬಂತು ಅಂತ ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಸಂತೋಷ. ಆದರೆ ರೋಗಿಗಳ ನೋಂದಣಿ, ದಾಖಲಾತಿ, ಡಿಸ್ಚಾರ್ಜ್ ಮತ್ತೆ ಕಂಪ್ಯೂಟರಿಗೆ ಬರಲು ಎರಡು ವಾರ ಹಿಡಿಯಿತು. ಅಲ್ಲಿಯವರೆಗೆ ಕಾಗದ, ಪೆನ್ನು, ಉದ್ದದ ಸಾಲು. ಬ್ಯಾಕಪ್ ಇದ್ದರೂ ಎದ್ದು ನಿಲ್ಲಲು ಎಷ್ಟು ದಿನ ಬೇಕು ಎಂಬ ಪ್ರಶ್ನೆಗೆ ಯಾವ ಬ್ರೋಷರಿನಲ್ಲೂ ಉತ್ತರ ಇರುವುದಿಲ್ಲ. ಅದನ್ನು ಗಡಿಯಾರ ಹಿಡಿದು ನಾವೇ ಅಳೆಯಬೇಕು.

ಈ ಮಾತು ತೆಗೆದರೆ ಬರುವ ಉತ್ತರ ನನಗೆ ಬಾಯಿಪಾಠ. ‘ಟೆಸ್ಟ್ ಮಾಡಲು ಬೇರೆ ಸರ್ವರ್ ಎಲ್ಲಿದೆ? ಜಾಗ ಎಲ್ಲಿದೆ? ಬಜೆಟ್ ಎಲ್ಲಿದೆ?’ ಇಲ್ಲಿ ಪುಣೆಯಲ್ಲಿ ಇಷ್ಟು ವರ್ಷ ಇದ್ದು ಕೇಳಿರುವುದು ಇನ್ನೂ ಚಿಕ್ಕ ಉತ್ತರ: ‘ಹೋ ಜಾಯೇಗಾ, ಟೆನ್ಶನ್ ಮತ್ ಲೋ’. ದಕ್ಷಿಣ ಕೊರಿಯಾದವರಿಗೂ ಜಾಗದ್ದೇ ಸಮಸ್ಯೆಯಾಗಿತ್ತು. ಸರ್ಕಾರಿ ನೌಕರರ ಕಡತಗಳಿದ್ದ ಅವರ ಜಿ-ಡ್ರೈವ್ ತುಂಬಾ ದೊಡ್ಡದು, 858 ಟಿಬಿ, ಅದಕ್ಕೇ ಹೊರಗೆ ನಕಲು ಇಟ್ಟಿರಲಿಲ್ಲ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಆ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಈಗ ಜಾಗದ ಸಮಸ್ಯೆಯೇ ಇಲ್ಲ! ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕೆ ಎಲ್ಲರ ಹತ್ತಿರವೂ ಬಜೆಟ್ ಇರುತ್ತದೆ.

ಇಡೀ ಡೇಟಾ ಸೆಂಟರನ್ನು ದಿನಾ ಎಬ್ಬಿಸಿ ಅಂತ ಯಾರೂ ಹೇಳುತ್ತಿಲ್ಲ. ತಿಂಗಳಿಗೆ ಒಂದು ಸರ್ವರ್ ಆರಿಸಿಕೊಳ್ಳಿ, ಯಾವುದಾದರೂ ಹಳೇ ಮಷೀನಿನಲ್ಲಿ ಎಬ್ಬಿಸಿ, ಅಪ್ಲಿಕೇಶನ್ ತೆರೆದು ಲಾಗಿನ್ ಆಗಿ, ನಿನ್ನೆಯ ಒಂದು ಬಿಲ್ಲು ಹುಡುಕಿ. ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡಿ. ಇಷ್ಟಕ್ಕೆ ಬೇಕಾದದ್ದು ಒಬ್ಬ ಮನುಷ್ಯನ ಒಂದು ಮಧ್ಯಾಹ್ನ. ಇನ್ನು ಮಾರಲು ಬರುವವರಿಗೂ ಒಂದು ಮಾತು ಹೇಳಿ. ‘ನಿಮ್ಮ ಸ್ಲೈಡುಗಳು ಆಮೇಲೆ, ಮೊದಲು ಆ ಮಿತಿಗಳ ಪಟ್ಟಿ ಓದಿ’ ಅನ್ನಿ. ಓದಲು ತಡವರಿಸಿದರೆ ಬಾಗಿಲು ತೋರಿಸಿ.

ನಾಳೆ ಹಸಿರು ಟಿಕ್ಕಿನ ಈಮೇಲ್ ಬಂದಾಗ ಜವಾಬ್ದಾರಿ ಇರುವವರನ್ನು ಒಂದೇ ಪ್ರಶ್ನೆ ಕೇಳಿ: ‘ಕೊನೆಯ ಸಲ ರಿಸ್ಟೋರ್ ಮಾಡಿ ನೋಡಿದ್ದು ಯಾವಾಗ?’ ತಾರೀಖು ಹೇಳಿದರೆ ನಿಮ್ಮ ಹತ್ತಿರ ಬ್ಯಾಕಪ್ ಇದೆ. ಹೇಳದಿದ್ದರೆ ಇರುವುದು ಡಿಸ್ಕ್ ತುಂಬಾ ನಂಬಿಕೆ ಮಾತ್ರ.