ಹೊಲಿಗೆ ಯಂತ್ರ ಫಲಾನುಭವಿಗಳಿಗಷ್ಟೇ ಯಾಕೆ?

ಯಾವ ತಾಲ್ಲೂಕಿನ ಸುದ್ದಿಪುಟ ತೆಗೆದರೂ ಆಗಾಗ ಕಾಣುವ ಚಿತ್ರವೊಂದಿದೆ. ಶಾಮಿಯಾನದ ಕೆಳಗೆ ಸಾಲಾಗಿ ಇಟ್ಟ ಹೊಲಿಗೆ ಯಂತ್ರಗಳು, ಹಾರ ಹಾಕಿಸಿಕೊಂಡ ಶಾಸಕರು, ಯಂತ್ರದ ಮೇಲೆ ಕೈಯಿಟ್ಟು ಕ್ಯಾಮೆರಾ ಕಡೆ ನೋಡುತ್ತಿರುವ ಮಹಿಳೆಯರು. ಅಡಿಬರಹ: ‘ಫಲಾನುಭವಿಗಳಿಗೆ ಉಚಿತ ಹೊಲಿಗೆ ಯಂತ್ರ ವಿತರಣೆ’. ಅಭಿವೃದ್ಧಿ ನಿಗಮ ಕೊಡಲಿ, ರೋಟರಿ ಕ್ಲಬ್ ಕೊಡಲಿ, ಹುಟ್ಟುಹಬ್ಬ ಆಚರಿಸಿಕೊಳ್ಳುವ ಮುಖಂಡರು ಕೊಡಲಿ, ಚಿತ್ರ ಮಾತ್ರ ಬದಲಾಗುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಇದೆ. ತರಬೇತಿಯ ಜೊತೆಗೆ ಉಪಕರಣಕ್ಕೆಂದು 15 ಸಾವಿರ ರೂಪಾಯಿವರೆಗೆ ನೆರವು ಸಿಗುತ್ತದೆ.

ಇದು ಬೇಡವೆನ್ನುವವರು ಯಾರೂ ಇಲ್ಲ. ಒಂದು ಯಂತ್ರದ ಮೇಲೆ ಮಕ್ಕಳನ್ನು ಓದಿಸಿದ ತಾಯಂದಿರು ಪ್ರತಿ ಊರಿನಲ್ಲೂ ಇದ್ದಾರೆ. ತೊಂದರೆ ಇರುವುದು, ಹೊಲಿಗೆಗೆ ಸಮಾಜ ಕೊಟ್ಟಿರುವ ಜಾಗ ಅದೊಂದೇ ಎಂಬುದರಲ್ಲಿ. ತಿಂಗಳ ಸಂಬಳ ಬರುವ ಮನೆಯವರು ಭಾನುವಾರ ಗಿಟಾರ್ ಕಲಿಯುತ್ತಾರೆ, ಕೇಕ್ ಮಾಡುತ್ತಾರೆ, ಕುಮಾರಪರ್ವತ ಹತ್ತುತ್ತಾರೆ, ತಾರಸಿಯ ಮೇಲೆ ಟೊಮೆಟೊ ಬೆಳೆಯುತ್ತಾರೆ. ಅವರಲ್ಲೊಬ್ಬರು ತಮ್ಮ ಅಂಗಿಯನ್ನು ತಾವೇ ಹೊಲಿದುಕೊಳ್ಳುತ್ತೇನೆ ಎಂದರೆ ಮಾತ್ರ, ‘ಯಾಕೆ, ಟೈಲರ್ ಸಿಗಲಿಲ್ವಾ?’ ಎಂಬ ಪ್ರಶ್ನೆ ಏಳುತ್ತದೆ. ಅಜ್ಜಿಯ ಮದುವೆಯಲ್ಲಿ ಬಳುವಳಿಯಾಗಿ ಬಂದ ಕಾಲು ಮಷಿನ್ನು ಹಜಾರದ ಮೂಲೆಯಲ್ಲಿ ಹೂದಾನಿ ಹೊತ್ತುಕೊಂಡು ನಿಂತಿರುತ್ತದೆ.

ತನ್ನ ಬಟ್ಟೆಯನ್ನು ತಾನೇ ಹೊಲಿದುಕೊಳ್ಳುವುದು ಗಂಡು ಹೆಣ್ಣೆನ್ನದೆ, ಬಡವ ಬಲ್ಲಿದನೆನ್ನದೆ ಎಲ್ಲರಿಗೂ ಒಗ್ಗುವ ಹವ್ಯಾಸ. ಅದಕ್ಕೆ ಕಲಿಕೆಯ ಜಾಗವನ್ನು ಸಾರ್ವಜನಿಕವಾಗಿಯೇ ಮಾಡಿಕೊಡಬೇಕು. ಯಾಕೆನ್ನುವುದಕ್ಕೆ ಕಾರಣಗಳಿವೆ. ‘ದುಡ್ಡು ಉಳಿಯುತ್ತದೆ’ ಎಂಬುದು ಮಾತ್ರ ಆ ಪಟ್ಟಿಯಲ್ಲಿಲ್ಲ.

ಆ ಲೆಕ್ಕವನ್ನು ಮೊದಲೇ ಮುಗಿಸಿಬಿಡುವುದು ಒಳ್ಳೆಯದು. ದೊಡ್ಡವರ ಒಂದು ತುಂಬುತೋಳಿನ ಅಂಗಿಗೆ ಎರಡರಿಂದ ಎರಡೂವರೆ ಮೀಟರ್ ಬಟ್ಟೆ ಬೇಕು. ಜೊತೆಗೆ ದಾರ, ಗುಂಡಿ, ಕಾಲರಿಗೆ ಬಕ್ರಂ. ಹೊಸಬರ ಕೈಯಲ್ಲಿ ಮೊದಲ ಅಂಗಿ ಒಂದು ವಾರಾಂತ್ಯವನ್ನು ಪೂರ್ತಿ ತಿನ್ನುತ್ತದೆ, ಮುಗಿದ ಮೇಲೂ ಕಾಲರಿನ ಎಡತುದಿ ಒಂದು ದಿಕ್ಕಿಗೆ, ಬಲತುದಿ ಇನ್ನೊಂದು ದಿಕ್ಕಿಗೆ ನೋಡುತ್ತಿರುತ್ತದೆ. ಅಷ್ಟೇ ದುಡ್ಡಿಗೆ, ಎಷ್ಟೋ ಸಲ ಅದಕ್ಕಿಂತ ಕಡಿಮೆಗೆ, ಬೆಂಗಳೂರಿನ ಸರ್‌ಪ್ಲಸ್ ಅಂಗಡಿಗಳಲ್ಲಿ ರಫ್ತಿಗೆಂದು ಹೊಲಿದ ಅಂಗಿ ನೇತಾಡುತ್ತಿರುತ್ತದೆ. ಉಳಿತಾಯವೆಂದು ನಂಬಿ ಯಂತ್ರ ಕೊಂಡವರು ಆರು ತಿಂಗಳಲ್ಲಿ ಅದನ್ನು ಮಂಚದ ಕೆಳಗೆ ತಳ್ಳುತ್ತಾರೆ. ರವಿಕೆ ಒಂದೇ ಇದಕ್ಕೆ ಅಪವಾದ. ಸೀರೆಯ ಬೆಲೆಗಿಂತ ರವಿಕೆಯ ಕೂಲಿಯೇ ಹೆಚ್ಚೆಂಬ ತಮಾಷೆ ನಗರಗಳಲ್ಲಿ ಈಗ ತಮಾಷೆಯಾಗಿ ಉಳಿದಿಲ್ಲ.

ನಿಜವಾದ ಲಾಭ ಅಳತೆಯ ಟೇಪಿನಿಂದ ಶುರುವಾಗುತ್ತದೆ.

ರೆಡಿಮೇಡ್ ಅಂಗಡಿಯ ಟ್ರಯಲ್ ರೂಮಿನಲ್ಲಿ ಅಂಗಿ ಹಿಡಿಸದಿದ್ದರೆ ಜನ ಬೈದುಕೊಳ್ಳುವುದು ತಮ್ಮ ಮೈಯನ್ನು. ಹೊಟ್ಟೆ ಬಂದಿದೆ, ತೋಳು ದಪ್ಪ, ಎತ್ತರ ಸಾಲದು. ಆದರೆ ಸೈಜುಗಳ ಚರಿತ್ರೆ ನೋಡಿದರೆ ತಪ್ಪು ಮೈಯದ್ದಲ್ಲ. 1939–40ರಲ್ಲಿ ಅಮೆರಿಕದ ಕೃಷಿ ಇಲಾಖೆ ರೂತ್ ಓಬ್ರಯನ್ ಮತ್ತು ವಿಲಿಯಂ ಶೆಲ್ಟನ್ ಅವರ ಉಸ್ತುವಾರಿಯಲ್ಲಿ ಸುಮಾರು 15 ಸಾವಿರ ಮಹಿಳೆಯರಿಂದ ತಲಾ 59 ಅಳತೆಗಳನ್ನು ತೆಗೆಸಿತು. ಕೊನೆಯ ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಮಹಿಳೆಯರ ಅಳತೆಗಳನ್ನು ಮಾತ್ರ. ಅಮೆರಿಕದ ಸಿದ್ಧ ಉಡುಪಿನ ಸೈಜುಗಳಿಗೆ ತಳಹದಿ ಹಾಕಿದ್ದು ಆ ಸಮೀಕ್ಷೆ. ಭಾರತಕ್ಕೆ ಇಷ್ಟು ವರ್ಷ ಸ್ವಂತದ್ದೆಂಬ ಪಟ್ಟಿಯೇ ಇರಲಿಲ್ಲ. ಅಮೆರಿಕ, ಬ್ರಿಟನ್ನಿನ ಅಂಕಿಗಳನ್ನೇ ಕಂಪನಿಗಳು ಹಿಗ್ಗಿಸಿ ಕುಗ್ಗಿಸಿ ಬಳಸುತ್ತ ಬಂದವು. ಆ ಕೊರತೆ ನೀಗಲೆಂದೇ ನಿಫ್ಟ್ ಸಂಸ್ಥೆ ‘ಇಂಡಿಯಾ ಸೈಜ್’ ಸಮೀಕ್ಷೆ ಕೈಗೆತ್ತಿಕೊಂಡಿತು. ಬೆಂಗಳೂರು ಸೇರಿದಂತೆ ಆರು ನಗರಗಳಲ್ಲಿ 15ರಿಂದ 65 ವರ್ಷದೊಳಗಿನ 25 ಸಾವಿರ ಜನರ ಮೈಯನ್ನು ತ್ರೀಡಿ ಸ್ಕ್ಯಾನರ್‌ನಲ್ಲಿ ಅಳೆಯುವುದು ಅದರ ಗುರಿ. ಆ ಪಟ್ಟಿ ಎಷ್ಟೇ ಚೆನ್ನಾಗಿ ಬಂದರೂ ಅದು ಸರಾಸರಿಗಳ ಪಟ್ಟಿಯೇ. ಎಡ ಭುಜ ಬಲಕ್ಕಿಂತ ಅರ್ಧ ಇಂಚು ಇಳಿದಿರುವ ಮನುಷ್ಯನಿಗೆ ಸರಾಸರಿಯಿಂದ ಉಪಯೋಗ ಅಷ್ಟಕ್ಕಷ್ಟೆ.

ಸ್ವಂತಕ್ಕೆ ಹೊಲಿದುಕೊಳ್ಳುವವರು ಭುಜ, ಎದೆ, ಸೊಂಟ, ತೋಳಿನ ಸುತ್ತು, ಬೆನ್ನಿನ ಉದ್ದ ಎಲ್ಲವನ್ನೂ ಅಂಕಿಯಾಗಿ ಬರೆದಿಟ್ಟುಕೊಳ್ಳುತ್ತಾರೆ. ನಲವತ್ತೆರಡು ಎಂದರೆ ನಲವತ್ತೆರಡು. ಅದಕ್ಕೆ ನಾಚಿಕೆಯ ಹಂಗಿಲ್ಲ. ಒಂದು ಟಕ್ಸನ್ನು ಕಾಲಿಂಚು ಪಕ್ಕಕ್ಕೆ ಸರಿಸಿದರೆ ರವಿಕೆ ಮೈಗೆ ಹೇಗೆ ಕೂರುತ್ತದೆ, ಕಂಕುಳಿನ ಬಾಗು ಬೆನ್ನಿಗಿಂತ ಮುಂಭಾಗದಲ್ಲಿ ಯಾಕೆ ಹೆಚ್ಚು ಆಳವಿರಬೇಕು, ಮಾರ್ಜಿನ್ ಬಿಡದಿದ್ದರೆ ಮುಂದಿನ ವರ್ಷ ಏನು ಗತಿ ಎಂಬುದೆಲ್ಲ ಒಂದೊಂದಾಗಿ ತಿಳಿಯುತ್ತದೆ. ಹಾಸಿನೆಳೆಯ ನೇರಕ್ಕೆ ಕತ್ತರಿಸಿದ ಬಟ್ಟೆ ಜಗ್ಗುವುದಿಲ್ಲ, ಕ್ರಾಸ್ ಹಿಡಿದು ಕತ್ತರಿಸಿದ್ದು ಜಗ್ಗುತ್ತದೆ. ಹತ್ತಿಯನ್ನು ಕತ್ತರಿಸುವ ಮೊದಲು ನೀರಿಗೆ ಹಾಕಿ ಒಣಗಿಸದಿದ್ದರೆ ಮೊದಲ ಒಗೆತಕ್ಕೇ ಗಿಡ್ಡವಾಗುತ್ತದೆ. ವಾಟ್ಸ್‌ಆಪ್‌ನಲ್ಲಿ ಬರುವ ಜ್ಞಾನಕ್ಕಿಂತ ಇದು ದಿನನಿತ್ಯಕ್ಕೆ ಹೆಚ್ಚು ಒದಗುತ್ತದೆ.

ಜೇಬಿನ ಮಾತೂ ಇಲ್ಲಿ ಬರಬೇಕು. ಅಮೆರಿಕದ ಜಾಲಪತ್ರಿಕೆ ‘ದಿ ಪುಡಿಂಗ್’ 2018ರಲ್ಲಿ 20 ಬ್ರ್ಯಾಂಡುಗಳ 80 ಜೀನ್ಸ್‌ಗಳನ್ನು ಟೇಪು ಹಿಡಿದು ಅಳೆಯಿತು. ಹೆಂಗಸರ ಜೀನ್ಸ್‌ನ ಮುಂಜೇಬು ಗಂಡಸರದಕ್ಕಿಂತ ಸರಾಸರಿ ಶೇ 48ರಷ್ಟು ಗಿಡ್ಡ, ಶೇ 6.5ರಷ್ಟು ಕಿರಿದಾಗಿತ್ತು. ಕುರ್ತಾ, ಚೂಡಿದಾರಗಳ ಕತೆ ಇನ್ನೂ ಕಷ್ಟ. ಮೊಬೈಲು, ಮನೆ ಕೀಲಿ, ಬಸ್ ಟಿಕೆಟು ಎಲ್ಲವೂ ಕೈಯಲ್ಲೇ. ಒಂದು ಕುರ್ತಾದ ಪಕ್ಕದ ಹೊಲಿಗೆಯಲ್ಲಿ ಜೇಬು ಸೇರಿಸಲು ಬೇಕಾಗುವುದು ಕೈಯಗಲದ ನಾಲ್ಕು ತುಂಡು ಬಟ್ಟೆ, ಅರ್ಧ ಗಂಟೆ. ಕಂಪನಿಗಳು ಕೊಡಲೊಲ್ಲದ್ದನ್ನು ಹೀಗೆ ಕೈಯಾರೆ ಹಾಕಿಕೊಂಡ ಮೇಲೆ ಹೊಲಿಗೆಯ ನಂಟು ಬಿಡುವುದು ಕಷ್ಟ.

ಬಟ್ಟೆಗೆ ಬರಗಾಲವಂತೂ ಕನ್ನಡಿಗರ ಮನೆಗಳಲ್ಲಿಲ್ಲ. ಅರಿಶಿನ ಕುಂಕುಮದ ತಟ್ಟೆಯಲ್ಲಿ ಬಂದ ರವಿಕೆ ಕಣ ಬೀರುವಿನಲ್ಲಿ ಕೆಲವು ದಿನ ತಂಗಿದ್ದು, ಮುಂದಿನ ಗೌರಿಹಬ್ಬಕ್ಕೆ ಮತ್ತೊಬ್ಬರ ಮಡಿಲಿಗೆ ಬೀಳುತ್ತದೆ. ಹೀಗೆ ಊರೆಲ್ಲ ಸುತ್ತಿ, ಒಮ್ಮೊಮ್ಮೆ ಕೊಟ್ಟವರ ಮನೆಗೇ ತಿರುಗಿ ಬರುವುದೂ ಉಂಟು. ಹೊಲಿಯಲು ಕಲಿಯುವವರಿಗೆ ಈ ಕಣಗಳು ಸಿಕ್ಕಿದ್ದೇ ಪುಣ್ಯ. ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಳತೆ ಪರೀಕ್ಷಿಸಲು, ಜೇಬಿನ ಒಳಬಟ್ಟೆಗೆ, ಕೂಸಿನ ಅಂಗಿಗೆ ಅದಕ್ಕಿಂತ ಅಗ್ಗದ್ದು ಬೇರೆಲ್ಲಿ ಸಿಕ್ಕೀತು? ಉಳಿದ ಚೂರುಗಳಿಗೆ ಉತ್ತರ ಕರ್ನಾಟಕದಲ್ಲಿ ಕೌದಿ ಎಂಬ ಹಳೆಯ ದಾರಿ ಇದ್ದೇ ಇದೆ.

ಗುಳೇದಗುಡ್ಡದ ಖಣದ ಉದಾಹರಣೆ ಬೇರೆ ಬಗೆಯದು. ಅದರ ಅಗಲ ಕಡಿಮೆ. ನೂರಾರು ಪದರ ಬಟ್ಟೆ ಹಾಸಿ ಒಟ್ಟಿಗೇ ಕತ್ತರಿಸುವ ಕಾರ್ಖಾನೆಯ ಟೇಬಲ್ಲಿಗೆ ಅಂಥ ಬಟ್ಟೆ ಒಗ್ಗದು. ಮನೆಯ ಚಾಪೆಯ ಮೇಲೆ ಒಂದೊಂದೇ ಕುಪ್ಪಸ ಕತ್ತರಿಸುವವರಿಗೆ ಚೆನ್ನಾಗಿ ಒಗ್ಗುತ್ತದೆ. ಹತ್ತು ಸೀರೆ ಕೊಳ್ಳುವ ಒಬ್ಬ ಗಿರಾಕಿಯಂತೆಯೇ ಎರಡೆರಡು ಮೀಟರ್ ಬಟ್ಟೆ ಕೊಳ್ಳುವ ಹತ್ತು ಗಿರಾಕಿಗಳೂ ಕೈಮಗ್ಗಕ್ಕೆ ಬೇಕು. ಹವ್ಯಾಸಿ ಹೊಲಿಗೆ ಬೆಳೆದರೆ ಅಂಥವರು ಹುಟ್ಟುತ್ತಾರೆ.

ಇದೆಲ್ಲದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಬೆಂಗಳೂರು ದೇಶದ ದೊಡ್ಡ ಸಿದ್ಧ ಉಡುಪು ಕೇಂದ್ರಗಳಲ್ಲೊಂದು. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ಲಕ್ಷಗಟ್ಟಲೆ ಜನ ದುಡಿಯುತ್ತಾರೆ, ಬಹುಪಾಲು ಮಹಿಳೆಯರು. ಅಲ್ಲಿ ಒಂದು ಅಂಗಿಯನ್ನು ಒಬ್ಬರು ಹೊಲಿಯುವುದಿಲ್ಲ. ಒಬ್ಬರು ಕಾಲರ್ ಕೂರಿಸಿದರೆ ಮತ್ತೊಬ್ಬರು ಕಫ್, ಇನ್ನೊಬ್ಬರು ಕಾಜಾ. ಗಂಟೆಗೆ ಇಂತಿಷ್ಟು ಎಂಬ ಟಾರ್ಗೆಟ್ ತಲೆಯ ಮೇಲೆ. ಭವಿಷ್ಯನಿಧಿ ಹಣ ಹಿಂಪಡೆಯುವ ನಿಯಮವನ್ನು ಕೇಂದ್ರ ಬಿಗಿಗೊಳಿಸಿದಾಗ, 2016ರ ಏಪ್ರಿಲ್‌ನಲ್ಲಿ ಇದೇ ಮಹಿಳೆಯರು ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರಿನ ರಸ್ತೆಗಿಳಿದರು. ಸರ್ಕಾರ ಆ ನಿಯಮ ಕೈಬಿಟ್ಟಿತು. ನಗರದ ಉಳಿದವರಿಗೆ ತಮ್ಮ ಅಂಗಿ ಹೊಲಿಯುವವರು ಇಷ್ಟು ಜನ ಇಲ್ಲೇ ಇದ್ದಾರೆಂಬುದು ನೆನಪಾದದ್ದು ಟ್ರಾಫಿಕ್ ಜಾಮ್‌ನಲ್ಲಿ ಸಿಕ್ಕಿಕೊಂಡ ಮೇಲೆ.

2013ರ ಏಪ್ರಿಲ್ 24ರಂದು ಢಾಕಾ ಬಳಿ ಕುಸಿದ ರಾಣಾ ಪ್ಲಾಜಾ ಕಟ್ಟಡದಲ್ಲಿ ಸತ್ತ 1,134 ಮಂದಿಯಲ್ಲಿ ಹೆಚ್ಚಿನವರು ಇದೇ ಕೆಲಸದವರು. ಅಂಥ ಸುದ್ದಿ ಓದಿ ಮರುಗುವುದು ಒಂದು. ಒಂದು ಕಾಲರನ್ನು ಮೂರು ಸಲ ಬಿಚ್ಚಿ ಹೊಲಿದ ಮೇಲೆ, ‘ಒಂದು ಕೊಂಡರೆ ಎರಡು ಉಚಿತ’ ಎಂಬ ಫಲಕ ಕಂಡಾಗ ಈ ಬೆಲೆ ಯಾರ ಕೂಲಿಯಿಂದ ಕಡಿದದ್ದು ಎಂದು ಕೇಳುವುದು ಇನ್ನೊಂದು. ಎರಡನೆಯದು ಬರುವುದು ಸೂಜಿ ಹಿಡಿದ ಮೇಲೆ. ಹೊಲಿಯಬಲ್ಲವರೆಲ್ಲ ಕಾರ್ಮಿಕರ ಪರ ನಿಂತುಬಿಡುತ್ತಾರೆಂದಲ್ಲ; ಆದರೆ ಅಂಗಿಯೊಂದರಲ್ಲಿ ಎಷ್ಟು ಕೆಲಸ ಅಡಗಿದೆಯೆಂಬುದು ಅವರಿಗೆ ಬಾಯಿಮಾತಾಗಿ ಉಳಿಯುವುದಿಲ್ಲ.

ಹವ್ಯಾಸಿಗಳು ಹೆಚ್ಚಿದರೆ ಊರಿನ ಟೈಲರ್‌ಗಳ ಅನ್ನಕ್ಕೆ ಕಲ್ಲು ಬೀಳದೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಯಂತ್ರದ ಚರಿತ್ರೆ ಶುರುವಾಗುವುದೇ ಈ ಭಯದಿಂದ. ಫ್ರಾನ್ಸಿನ ಬಾರ್ಥೆಲೆಮಿ ತಿಮೋನಿಯೆ ಸೈನಿಕರ ಸಮವಸ್ತ್ರಕ್ಕೆಂದು ಹೂಡಿದ್ದ ಹೊಲಿಗೆ ಯಂತ್ರಗಳನ್ನು 1831ರಲ್ಲಿ ಪ್ಯಾರಿಸ್ಸಿನ ದರ್ಜಿಗಳು ನುಗ್ಗಿ ಪುಡಿಗಟ್ಟಿದರು. ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದು, ಕಂತಿನ ಮೇಲೆ ಮಾರುವ ಉಪಾಯದಿಂದ ಯಂತ್ರವನ್ನು ಮನೆಮನೆಗೆ ತಲುಪಿಸಿದ ಮೇಲೂ ದರ್ಜಿಗಳು ಉಳಿದರು. ಯಂತ್ರಗಳ ಹುಚ್ಚನ್ನು ಖಂಡಿಸುತ್ತಿದ್ದ ಗಾಂಧೀಜಿ 1924ರಲ್ಲಿ ಸಿಂಗರ್ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಅದರ ಹಿಂದೆ ಮನುಷ್ಯರ ಶ್ರಮ ಇಳಿಸುವ ಪ್ರೀತಿಯಿದೆ ಎಂಬುದು ಅವರ ವಾದ. ಇಂದು ಟೈಲರ್ ಅಂಗಡಿಗಳ ಬಾಗಿಲು ಮುಚ್ಚಿಸುತ್ತಿರುವುದು ರೆಡಿಮೇಡ್ ಮತ್ತು ಆನ್‌ಲೈನ್ ಮಾರಾಟ. ಭಾನುವಾರ ಒಂದು ಪೈಜಾಮ ಹೊಲಿಯುವವರಿಂದ ಅವರಿಗೆ ಹೊಡೆತ ಬೀಳದು. ಒಂದು ಕೋಟು ಕತ್ತರಿಸುವುದು ಎಷ್ಟು ಕಷ್ಟವೆಂದು ಅರಿತವರು ಮಾಸ್ಟರ್ ಕೇಳಿದ ಕೂಲಿಗೆ ಚೌಕಾಸಿ ಮಾಡುವುದು ಕಡಿಮೆ. ಕಲಿಸುವ ಕೆಲಸವೂ ಟೈಲರ್‌ಗಳಿಗೇ ಸಿಕ್ಕರೆ ಅದೊಂದು ಹೊಸ ಆದಾಯ.

ಗಂಡಸರನ್ನು ಈ ಮಾತಿನಿಂದ ಹೊರಗಿಡಲು ಕಾರಣವೇ ಇಲ್ಲ. ಹಳ್ಳಿಯ ಸಿಂಪಿಗ, ಪೇಟೆಯ ಸೂಟು ಮಾಸ್ಟರ್, ಶಾಲೆಯ ಯೂನಿಫಾರಂ ಹೊಲಿಯುವವರು ಬಹುಮಟ್ಟಿಗೆ ಗಂಡಸರೇ. ಕೂಲಿ ಬರುವಾಗ ಗಂಡಸರಿಗೂ ಒಪ್ಪುವ ಕೆಲಸ, ಮನೆಯೊಳಗೆ ಬಂದ ಕೂಡಲೇ ಹೆಂಗಸರ ಪಾಲಿನದಾಗುತ್ತದೆ. ಹೀಗಾಗಿಯೇ ಕಿತ್ತ ಗುಂಡಿಗೆ ಹೆಂಡತಿಯನ್ನು ಕೂಗುವ ಇಂಜಿನಿಯರುಗಳು ನಮ್ಮಲ್ಲಿ ಧಾರಾಳವಾಗಿದ್ದಾರೆ. ಬ್ರಿಟನ್ನಿನಲ್ಲಿ 2013ರಿಂದ ಪ್ರಸಾರವಾಗುತ್ತಿರುವ ಬಿಬಿಸಿಯ ‘ದ ಗ್ರೇಟ್ ಬ್ರಿಟಿಷ್ ಸ್ಯೂಯಿಂಗ್ ಬೀ’ ಸ್ಪರ್ಧೆಯಲ್ಲಿ ಮೊದಲ ಆವೃತ್ತಿಯಿಂದಲೂ ಗಂಡಸರು ಹೆಂಗಸರ ಜೊತೆಗೇ ಕತ್ತರಿ ಹಿಡಿದಿದ್ದಾರೆ. ಹಾಡು, ಕುಣಿತ, ಅಡುಗೆಗೆಲ್ಲ ರಿಯಾಲಿಟಿ ಶೋ ಮಾಡಿದ ಕನ್ನಡದ ವಾಹಿನಿಗಳಿಗೆ ಇದು ಹೊಳೆಯಬಾರದೇಕೆ?

ಆಸಕ್ತಿ ಇಲ್ಲವೆಂದೂ ಹೇಳುವಂತಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಮಾಸ್ಕ್ ಹೊಲಿಯಲೆಂದು ಧೂಳು ಒರೆಸಿಸಿಕೊಂಡ ಯಂತ್ರಗಳು ಎಷ್ಟೋ. ಯೂಟ್ಯೂಬ್‌ನಲ್ಲಿ ಅಚ್ಚಕನ್ನಡದಲ್ಲೇ ಬ್ಲೌಸ್ ಕಟಿಂಗ್ ಹೇಳಿಕೊಡುವ ಚಾನೆಲ್ಲುಗಳಿಗೆ ನೋಡುಗರ ಕೊರತೆಯಿಲ್ಲ. ಕೊರತೆ ಇರುವುದು ಯಂತ್ರ ಕೊಳ್ಳುವ ಮೊದಲು ಒಮ್ಮೆ ಕೂತು ನೋಡುವ ಜಾಗಕ್ಕೆ. ದಾರ ಯಾಕೆ ಸಿಕ್ಕುಬೀಳುತ್ತಿದೆ, ಬಾಬಿನ್ ಬಿಗಿಯಾಯಿತೇ ಸಡಿಲವಾಯಿತೇ ಎಂಬುದನ್ನು ವಿಡಿಯೊ ಹೇಳಲಾರದು, ಪಕ್ಕದಲ್ಲಿ ಕೂತವರು ಕ್ಷಣದಲ್ಲಿ ಹೇಳುತ್ತಾರೆ.

ಶಾಲೆಯಲ್ಲಿ ಇದು ಹೊಸದೇನಲ್ಲ. ರಾಜ್ಯದ ಎಷ್ಟೋ ಪ್ರೌಢಶಾಲೆಗಳಲ್ಲಿ ಹಿಂದೆ ಹೊಲಿಗೆ ಟೀಚರ್ ಇರುತ್ತಿದ್ದರು, ಕಲಿಯುತ್ತಿದ್ದವರು ಹೆಚ್ಚಾಗಿ ಹುಡುಗಿಯರು. ರಾಜ್ಯ ತನ್ನದೇ ಶಿಕ್ಷಣ ನೀತಿ ಬೇಕೆಂದು 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ಆಯೋಗ ರಚಿಸಿತು. ನೀತಿ ಯಾವ ರೂಪದಲ್ಲಿ ಜಾರಿಯಾದರೂ ಏಳು, ಎಂಟನೆಯ ತರಗತಿಯಲ್ಲಿ ಹುಡುಗ ಹುಡುಗಿಯರಿಬ್ಬರಿಗೂ ಗುಂಡಿ ಹಚ್ಚುವುದು, ಹೆಮ್ಮಿಂಗ್ ಮಾಡುವುದು, ಒಂದು ಕೈಚೀಲ ಹೊಲಿಯುವುದು ಕಲಿಸಬಹುದು. ಇದಕ್ಕೆ ಪಠ್ಯಪುಸ್ತಕ ಬೇಡ.

ದೊಡ್ಡವರಿಗೆ ಮಾದರಿ ಫಿನ್ಲೆಂಡಿನಲ್ಲಿದೆ. ಹೆಲ್ಸಿಂಕಿಯಲ್ಲಿ 2018ರ ಡಿಸೆಂಬರ್‌ನಲ್ಲಿ ತೆರೆದ ‘ಓದಿ’ ಕೇಂದ್ರ ಗ್ರಂಥಾಲಯದಲ್ಲಿ ಪುಸ್ತಕಗಳ ಜೊತೆ ಹೊಲಿಗೆ ಯಂತ್ರಗಳೂ ಇವೆ. ಯಾರು ಬೇಕಾದರೂ ಸಮಯ ಕಾದಿರಿಸಿಕೊಂಡು ಬಂದು ಹೊಲಿದುಕೊಳ್ಳಬಹುದು. ಕರ್ನಾಟಕದಲ್ಲಿ 5 ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ ಎಂಬ ಹೆಸರು ಪಡೆದಿವೆ, ನಗರಗಳಲ್ಲಿ ಶಾಖಾ ಗ್ರಂಥಾಲಯಗಳಿವೆ. ಪ್ರಯೋಗಕ್ಕೆಂದು ಜಿಲ್ಲೆಗೆ ಹತ್ತು ಕಡೆ ಎರಡೆರಡು ಯಂತ್ರ, ಒಂದು ಕಟಿಂಗ್ ಟೇಬಲ್, ಒಂದು ಇಸ್ತ್ರಿಪೆಟ್ಟಿಗೆ ಇಟ್ಟು ನೋಡಬಹುದು. ವಾರಕ್ಕೊಂದು ಬೆಳಿಗ್ಗೆ ಊರಿನ ಟೈಲರ್ ಒಬ್ಬರನ್ನು ಗೌರವಧನ ಕೊಟ್ಟು ಕರೆಸಬೇಕು. ಸೂಜಿ, ಎಣ್ಣೆ, ಬೆಲ್ಟಿನ ಖರ್ಚು ಅದರ ಮುಂದೆ ಚಿಲ್ಲರೆ. ಹಣದ ಮೂಲವನ್ನು ಹೊಸದಾಗಿ ಹುಡುಕಬೇಕಿಲ್ಲ. ನಗರಗಳಲ್ಲಿ ಮನೆ ಕಂದಾಯದ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾಗರಿಕರು ಈಗಾಗಲೇ ಕಟ್ಟುತ್ತಿದ್ದಾರೆ. ನಗರಸಭೆ, ಪಾಲಿಕೆಗಳು ಅದನ್ನು ಬಾಕಿ ಉಳಿಸಿಕೊಳ್ಳದೆ ಗ್ರಂಥಾಲಯ ಇಲಾಖೆಗೆ ವರ್ಗಾಯಿಸಿದರೆ ನಗರದ ಕೇಂದ್ರಗಳಿಗೆ ದಾರಿಯಾಗುತ್ತದೆ. ಹಳ್ಳಿಗಳಿಗೆ, ಶಾಸಕರು ಹೇಗೂ ಹಂಚುತ್ತಿರುವ ಯಂತ್ರಗಳಲ್ಲಿ ಎರಡನ್ನು ಅರಿವು ಕೇಂದ್ರದ ಹೆಸರಿಗೆ ಬರೆಸಿದರೆ ಸಾಕು.