ನೆರೆಮನೆಯ ಹನ್ನೊಂದು ಕುಂಡಗಳು

ಮನೆಗೆ ಬೀಗ ಹಾಕಿ ಪರವೂರಿಗೆ ಹೊರಡುವವರು ಹಾಲಿನವನಿಗೆ ಹೇಳುತ್ತಾರೆ, ಪತ್ರಿಕೆ ಹಾಕುವವನಿಗೆ ಹೇಳುತ್ತಾರೆ, ಒಡವೆಗಳನ್ನು ಬ್ಯಾಂಕಿನಲ್ಲಿ ಇರಿಸುತ್ತಾರೆ. ಕುಂಡದ ಗಿಡಗಳನ್ನು ಮಾತ್ರ ಜೊತೆಗೆ ಒಯ್ಯುವಂತಿಲ್ಲ, ಹಾಗೆಯೇ ಬಿಟ್ಟು ಹೋಗುವಂತಿಲ್ಲ. ಆಗ ನೆರೆಯವರ ನೆನಪಾಗುತ್ತದೆ.

2022ರ ಆಷಾಢದಲ್ಲಿ ಅಂತಹ ಹೊಣೆಯೊಂದು ನಮ್ಮ ಪಾಲಿಗೆ ಬಂದಿತು. ಧಾರವಾಡದ ನಮ್ಮ ನೆರೆಮನೆಯ ದಂಪತಿಗಳು ಮಗಳ ಬಾಣಂತನಕ್ಕೆಂದು ಪುಣೆಗೆ ಹೊರಟಿದ್ದರು. ಪಡಸಾಲೆಯಲ್ಲಿ ಹನ್ನೊಂದು ಕುಂಡಗಳು. ಆ ತಾಯಿ ಬೀಗದ ಕೈಯನ್ನು ನಮಗಿತ್ತು, "ಅಜ್ಜಾರ, ಒಂದ್ ತಿಂಗಳ ಗಿಡಾ ನೋಡ್ಕೋರಿ. ಆ ಮೂಲ್ಯಾಗಿನ ಲೋಳೆಸರ ನಮ್ಮ ಅತ್ತಿಯವರು ಹಚ್ಚಿದ್ದರಿ" ಎಂದರು. ಅವರ ಅತ್ತೆಯವರು ಲಿಂಗೈಕ್ಯರಾಗಿ ಆಗಲೇ ಕೆಲವು ವರ್ಷಗಳಾಗಿದ್ದವು.

ಬಾಲ್ಯದಲ್ಲಿ ಮಠದ ಹೂದೋಟಕ್ಕೆ ಕೊಡ ಹೊತ್ತವರು ನಾವು. ಗಿಡಕ್ಕೆ ನೀರೆರೆಯುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲವೆಂಬ ಅಭಿಮಾನವಿತ್ತು. ಪ್ರತಿದಿನ ಪೂಜೆ ಮುಗಿಸಿ, ಒಂದೊಂದು ಕುಂಡಕ್ಕೂ ತಂಬಿಗೆ ತುಂಬ ನೀರು ಹಾಕಿದೆವು. ಹನ್ನೆರಡನೆಯ ದಿನ ಲೋಳೆಸರದ ಎಲೆಗಳು ಹಳದಿಯಾಗಿ ಬಾಗಿದವು. ಬಾಯಾರಿರಬೇಕೆಂದು ಇನ್ನೂ ಅರ್ಧ ತಂಬಿಗೆ ಹೆಚ್ಚಿಗೆ ಸುರಿದೆವು. ಹದಿನೆಂಟನೆಯ ದಿನ ಗಿಡವೇ ಪಕ್ಕಕ್ಕೆ ಒರಗಿತು. ಮುಟ್ಟಿ ನೋಡಿದರೆ ಬುಡ ಕೊಳೆತಿತ್ತು.

ತೋಟಗಾರಿಕೆ ಬಲ್ಲ ಹಿರಿಯರೊಬ್ಬರು ಬಂದು ನೋಡಿ ಕಾರಣ ತಿಳಿಸಿದರು. ಬೇರುಗಳಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಎಡೆಯನ್ನೆಲ್ಲ ನೀರೇ ತುಂಬಿಕೊಂಡರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆದುದರಿಂದ ನೀರು ಹೆಚ್ಚಾದ ಗಿಡವೂ ಬಾಯಾರಿದ ಗಿಡದಂತೆಯೇ ಬಾಡುತ್ತದೆ. ತೋಟದ ನೆಲದಲ್ಲಿ ಹೆಚ್ಚಿನ ನೀರು ಆಳಕ್ಕೆ ಇಳಿದು ಹೋಗುತ್ತದೆ. ತಟ್ಟೆಯ ಮೇಲೆ ಕುಳಿತ ಕುಂಡಕ್ಕೆ ಆ ಅನುಕೂಲವಿಲ್ಲ. ಮಳೆಗಾಲದ ತಂಪಿನಲ್ಲಂತೂ ಅದರ ಮಣ್ಣು ಬೇಗನೆ ಒಣಗುವುದೂ ಇಲ್ಲ.

ಅಂತಹುದೇ ಗಿಡ ನರ್ಸರಿಯಲ್ಲಿ ಸಿಗುತ್ತಿತ್ತು. ತಂದು ಅದೇ ಕುಂಡದಲ್ಲಿ ನೆಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಆಲೋಚನೆ ಒಂದು ರಾತ್ರಿಯೆಲ್ಲ ನಮ್ಮನ್ನು ಕಾಡಿದ್ದುಂಟು. ಇದನ್ನು ವಾಚಕರಿಂದ ಮುಚ್ಚಿಡಲಾರೆವು. ಬೆಳಿಗ್ಗೆ ಪುಣೆಗೆ ಫೋನು ಮಾಡಿ ಇದ್ದುದನ್ನು ಇದ್ದಂತೆ ಹೇಳಿದೆವು. ಆ ತಾಯಿ ಕೆಲಹೊತ್ತು ಮಾತನಾಡಲಿಲ್ಲ. ಬಳಿಕ, "ಬುಡದಾಗ ಮರಿ ಏನರ ಉಳದಾವೇನ್ರಿ?" ಎಂದು ಕೇಳಿದರು. ಮಣ್ಣು ಸರಿಸಿ ನೋಡಿದರೆ ಕೊಳೆಯದೆ ಉಳಿದ ಎರಡು ಮರಿಗಳಿದ್ದವು! ಅವನ್ನು ಬಿಡಿಸಿ, ನೆರಳಿನಲ್ಲಿ ಎರಡು ದಿನ ಗಾಯ ಆರಗೊಟ್ಟು, ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟೆವು. ಒಂದು ವಾರ ನೀರು ಹಾಕಲಿಲ್ಲ. ಹಾಕದೆ ಕಾಯುವುದು ಹಾಕುವುದಕ್ಕಿಂತ ಕಷ್ಟವೆಂಬುದು ಆಗ ತಿಳಿಯಿತು.

ಇಂತಹ ಹೊಣೆ ಹೊತ್ತವರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡಬೇಕು. ನೀರು ಹಾಕುವ ಮೊದಲು ಮಣ್ಣಿನಲ್ಲಿ ಬೆರಳನ್ನು ಒಂದು ಅಂಗುಲ ಇಳಿಸಿ ನೋಡಿರಿ. ತೇವವಿದ್ದರೆ ಹಿಂದಿರುಗಿರಿ, ಒಣಗಿದ್ದರೆ ಕೆಳಗಿನ ತೂತಿನಿಂದ ನೀರು ಹೊರಬರುವವರೆಗೆ ಹಾಕಿ, ತಟ್ಟೆಯಲ್ಲಿ ನಿಂತುದನ್ನು ಚೆಲ್ಲಿರಿ. ಮಣ್ಣಿನ ಕುಂಡದ ತುಳಸಿಗೆ ಬೇಸಿಗೆಯಲ್ಲಿ ದಿನವೂ ನೀರು ಬೇಕಾದೀತು. ಮನಿಪ್ಲಾಂಟಿಗೆ ಸಾಮಾನ್ಯವಾಗಿ ವಾರಕ್ಕೊಮ್ಮೆ ಸಾಕು. ಲೋಳೆಸರಕ್ಕೆ ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಇನ್ನೂ ಕಡಿಮೆ. ಎಲೆಯ ಅಡಿಯಲ್ಲಿ ಬಿಳಿಯ ಹಿಟ್ಟಿನಂತಹ ಕೀಟ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿರಿ. ಒಡೆಯರಿಲ್ಲದಾಗ ಗೊಬ್ಬರ ಹಾಕುವುದು, ಟೊಂಗೆ ಕತ್ತರಿಸುವುದು ಬೇಡ. ಊರಿಗೆ ಹೊರಡುವವರೂ ಕುಂಡಗಳನ್ನು ಬಿಸಿಲು ತಾಗದ, ಬೆಳಕಿರುವ ಎಡೆಯಲ್ಲಿ ಒತ್ತಾಗಿ ಇರಿಸಿ, ಯಾವುದಕ್ಕೆ ಎಷ್ಟು ನೀರೆಂಬುದನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಲೇಸು.

ಹದಿನೆಂಟು ದಿನ ನಾವು ಎರೆದದ್ದು ಗಿಡ ಬೇಡಿದ ನೀರಲ್ಲ. ನಮ್ಮ ಮನಸ್ಸಿನ ಸಮಾಧಾನಕ್ಕೆ ಬೇಕಾದ ನೀರು. ಉಪಕಾರ ಮಾಡುವ ಕೈ ಮೊದಲು ಮುಟ್ಟಿ ನೋಡಬೇಕು, ಬಳಿಕ ನೀಡಬೇಕು. ತಪ್ಪಿದಾಗ ಬಾಯಿ ಬಿಟ್ಟು ಹೇಳಬೇಕು. ಅಂದು ಮುಚ್ಚಿಟ್ಟಿದ್ದರೆ ಆ ಎರಡು ಮರಿಗಳೂ ಕೊಳೆತ ಗಿಡದೊಡನೆ ತಿಪ್ಪೆ ಸೇರುತ್ತಿದ್ದವು.

ಪುಣೆಯಿಂದ ಮರಳಿದ ಆ ತಾಯಿ ಎರಡು ಮರಿಗಳಲ್ಲಿ ಒಂದನ್ನು ತಾವಿಟ್ಟುಕೊಂಡು, ಇನ್ನೊಂದನ್ನು ನಮ್ಮ ಮನೆಗೆ ಕೊಟ್ಟು ಕಳಿಸಿದರು. ಅದೀಗ ಕುಂಡ ತುಂಬಿ ನಿಂತಿದೆ.